ಸೂಲೂರಿನಿಂದ ಸಿಂಗಪುರಕ್ಕೆ ಒಂದು ತಳ್ಳುಗಾಡಿಯೊಡನೆ

ಕೊಯಮತ್ತೂರಿನಿಂದ ತಿರುಚಿನಾಪಳ್ಳಿಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 20 ಕಿಲೋಮೀಟರ್ ಕ್ರಮಿಸಿದರೆ ನಮ್ಮ ಸೂಲೂರು ಸಿಗುತ್ತದೆ. ನೊಯ್ಯಲ್ ನದಿಯ ನೀರನ್ನು ಕಾಲುವೆಯಿಂದ ತುಂಬಿಸಿಕೊಳ್ಳುವ ಕೆರೆ, ಅದರ ಏರಿ, ಏರಿಯಿಂದ ಇಳಿದರೆ ಮನೆಗಳ ಸಾಲು. ಆಚೆಗೆ ಸೋಮನೂರಿನವರೆಗೂ ಬಿಡುವಿಲ್ಲದೆ ಬಡಿಯುವ ವಿದ್ಯುತ್ ಮಗ್ಗಗಳ ಸದ್ದು. ಈ ಸದ್ದನ್ನೂ ಅಡಗಿಸುವ ಇನ್ನೊಂದು ಸದ್ದು ದಿನಕ್ಕೆ ಹಲವು ಬಾರಿ ಆಕಾಶದಿಂದ ಬರುತ್ತದೆ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆಯ ವಿಮಾನಗಳಿಗೆ ನೆಲೆಯಾಗಿದ್ದ ಇಲ್ಲಿಯ ಮೈದಾನ ಈಗ ಭಾರತೀಯ ವಾಯುಸೇನೆಯ ದೊಡ್ಡ ನೆಲೆ. ತೇಜಸ್ ಯುದ್ಧವಿಮಾನಗಳ ಮೊದಲ ದಳ 2018ರಲ್ಲಿ ಬೆಂಗಳೂರಿನಿಂದ ಇಲ್ಲಿಗೇ ಬಂದಿತು. ಹೀಗೆ ವಿಮಾನಗಳನ್ನು ತಲೆಯ ಮೇಲೆ ಕಾಣುತ್ತಲೇ ಮುದುಕಿಯಾದ ನಾನು ಅರುವತ್ತೆರಡನೆಯ ವಯಸ್ಸಿನವರೆಗೆ ವಿಮಾನದೊಳಗೆ ಕಾಲಿಟ್ಟವಳಲ್ಲ.

ನಮ್ಮದು ನೇಕಾರರ ಮನೆ. ಮನೆಮಾತು ಕನ್ನಡ, ಬೀದಿಮಾತು ತಮಿಳು. ಕೊಯಮತ್ತೂರು, ತಿರುಪ್ಪೂರು ಸೀಮೆಯ ದೇವಾಂಗರ ಮನೆಗಳಲ್ಲೆಲ್ಲ ಸಾಮಾನ್ಯವಾಗಿ ಹೀಗೆಯೇ. ನಮ್ಮಲ್ಲಿ ಮಗುವಿನ ವಾಹನವೆಂದರೆ ತಾಯಿಯ ಕಂಕುಳು. ಮಲಗುವುದಕ್ಕೆ ತೊಲೆಗೆ ಕಟ್ಟಿದ ಹಳೆಯ ಸೀರೆಯ ಜೋಲಿ. ನಡೆಯಲು ಕಲಿಯುವುದಕ್ಕೆ ಮೂರು ಗಾಲಿಯ ಮರದ ನಡೆಬಂಡಿ. ಈ ನಡೆಬಂಡಿಯೇನೂ ನಿನ್ನೆ ಮೊನ್ನೆಯದಲ್ಲ. ಹಳೆಯ ತಮಿಳಿನ ‘ಪಟ್ಟಿನಪ್ಪಾಲೈ’ ಎಂಬ ಕಾವ್ಯದಲ್ಲಿ ಕಾವೇರಿಪಟ್ಟಣದ ಮಕ್ಕಳು ಕುದುರೆಯಿಲ್ಲದೆ ಉರುಳಿಸುವ ಮೂರು ಗಾಲಿಯ ಪುಟ್ಟ ತೇರಿನ ಪ್ರಸ್ತಾಪವಿದೆ. ಆದರೆ ಅದನ್ನು ಮಗು ತಳ್ಳುತ್ತದೆಯೇ ಹೊರತು ಮಗುವನ್ನು ಕೂರಿಸಿ ದೊಡ್ಡವರು ತಳ್ಳುವುದಿಲ್ಲ. ಕಾಲು ಗಟ್ಟಿಯಾಗಿರುವ ಮಗುವನ್ನು ಗಾಡಿಯಲ್ಲಿ ಕೂರಿಸಿ ಬೀದಿಯಲ್ಲಿ ತಳ್ಳಿಕೊಂಡು ಹೋದರೆ, ‘ಯಾಕೆ, ಮಗುವಿಗೆ ಮೈ ಸರಿಯಿಲ್ಲವೆ?’ ಎಂದು ಕೇಳುವವರು ನಮ್ಮ ಬೀದಿಯಲ್ಲಿ ಇಂದಿಗೂ ಇದ್ದಾರೆ.

ಅಂಥ ಬೀದಿಯವಳಾದ ನಾನು ತಳ್ಳುಗಾಡಿಯನ್ನು ಹುಡುಕಿಕೊಂಡು ಅಲೆಯಬೇಕಾಗಿ ಬಂದುದರ ಕಾರಣವನ್ನು ಹೇಳಬೇಕು. ನನ್ನ ಮಗಳು, ಅಳಿಯ ಸಿಂಗಪುರದಲ್ಲಿದ್ದಾರೆ. ಮಗಳು ಎರಡನೆಯ ಬಾರಿ ಬಸುರಿಯಾದಾಗ ಮೂರನೆಯ ತಿಂಗಳಿನಲ್ಲಿಯೇ ತೊಂದರೆ ಕಾಣಿಸಿಕೊಂಡು, ಭಾರವನ್ನೆತ್ತದೆ ಹಾಸಿಗೆಯಲ್ಲಿಯೇ ಇರಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಒಂದೂವರೆ ವರ್ಷದ ಮೊಮ್ಮಗಳನ್ನು ಅಳಿಯಂದಿರು ಸೂಲೂರಿಗೆ ಕರೆತಂದು ನಮ್ಮಲ್ಲಿ ಬಿಟ್ಟು ಹೋದರು. ಆರು ತಿಂಗಳು ಕಳೆದವು. ಪುಟ್ಟಿ ನಮ್ಮ ಮಗ್ಗದ ಶೆಡ್ಡಿನ ಕಂಡಿಕೆಗಳೊಡನೆ ಆಡುತ್ತ ಬೆಳೆದಳು. ದಿನವೂ ರಾತ್ರಿ ಫೋನಿನ ಗಾಜಿನಲ್ಲಿ ಕಾಣುವ ಅಮ್ಮನಿಗೆ ಮೊದಮೊದಲು ಮುತ್ತು ಕೊಡುತ್ತಿದ್ದವಳು, ಬರಬರುತ್ತ ‘ಬೇಡ’ ಎಂದು ಮುಖ ತಿರುಗಿಸತೊಡಗಿದಳು. ಮಗಳು ಅದಕ್ಕೆ ನಗುತ್ತಿದ್ದಳು. ಆ ನಗುವನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಬಾಣಂತನಕ್ಕೆ ನಾನು ಹೋಗಬೇಕು, ಹೋಗುವಾಗ ಪುಟ್ಟಿಯನ್ನು ಕರೆದೊಯ್ಯಬೇಕು ಎಂದು ನಿಶ್ಚಯವಾಯಿತು. ನಮ್ಮ ಮನೆಯವರಿಗೆ ಮಗ್ಗಗಳನ್ನು ಬಿಟ್ಟು ಬರುವಂತಿಲ್ಲ. ನನಗಾದರೋ ಹಿಂದಿನ ವರ್ಷವಷ್ಟೇ ಎಡಮೊಣಕಾಲಿನ ಕೀಲು ಬದಲಾಯಿಸುವ ಶಸ್ತ್ರಚಿಕಿತ್ಸೆ ನಡೆದಿತ್ತು. ಮಗುವಿನ ತೂಕ 11 ಕಿಲೋ. ಎರಡು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡೇ ಬೆಳೆಸಿದ ನನ್ನ ಅಭಿಮಾನವನ್ನು ಮೊಣಕಾಲು ಒಪ್ಪಲಿಲ್ಲ.

ಮೊದಲು ನೆಂಟರೊಬ್ಬರ ಮನೆಯ ಅಟ್ಟದಿಂದ ಒಂದು ದೊಡ್ಡ ಗಾಡಿ ಬಂದಿತು. ಮಗು ಮಲಗಬಹುದಾದ ಹಾಸು, ಮೆತ್ತೆ, ದೊಡ್ಡ ಗಾಲಿ ಎಲ್ಲವೂ ಇದ್ದ ರಾಜರಥ. ಇಂಗ್ಲೆಂಡಿನಲ್ಲಿ 1733ರಲ್ಲಿ ವಿಲಿಯಂ ಕೆಂಟ್ ಎಂಬಾತನು ಡೆವನ್‌ಷೈರ್ ಪ್ರಭುವಿನ ಮಕ್ಕಳಿಗಾಗಿ ಚಿಪ್ಪಿನಾಕಾರದ ಗಾಡಿಯೊಂದನ್ನು ಮಾಡಿಕೊಟ್ಟನೆಂದೂ, ಅದನ್ನು ಎಳೆಯಲು ಸಣ್ಣ ಪ್ರಾಣಿಯನ್ನು ಹೂಡುತ್ತಿದ್ದರೆಂದೂ ಓದಿದ್ದೇನೆ. ನಮ್ಮ ರಾಜರಥಕ್ಕೂ ಒಂದು ಆಡನ್ನು ಹೂಡಬೇಕಾಗಿತ್ತು! ನೂಲು ತೂಗುವ ತಕ್ಕಡಿಯ ಮೇಲಿಟ್ಟರೆ 12 ಕಿಲೋ. ಮಗುವಿಗಿಂತ ಗಾಡಿಯೇ ಭಾರ. ಮನೆಯ ಮೂರು ಮೆಟ್ಟಿಲು ಇಳಿಸುವಷ್ಟರಲ್ಲಿ ಅದನ್ನು ಹಿಂದಿರುಗಿಸುವುದೆಂದು ತೀರ್ಮಾನವಾಯಿತು.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಭಾರದಿಂದ ಬೇಸತ್ತವಳು ಹಗುರವೊಂದನ್ನೇ ನೋಡಿದೆ. ಕೊಡೆಯಂತೆ ಮಡಚುವ, ನಾಲ್ಕು ಕಿಲೋವಿಗೂ ಕಡಮೆ ತೂಗುವ ಗಾಡಿಯೊಂದನ್ನು ಅಗ್ಗದ ಬೆಲೆಗೆ ಕೊಂಡು, ಒಂದು ಬೆರಳಿನಿಂದ ಎತ್ತಿ ಎಲ್ಲರಿಗೂ ತೋರಿಸಿ ಹೆಮ್ಮೆಪಟ್ಟೆ. ಪ್ರಯಾಣಕ್ಕೆ ಅಭ್ಯಾಸವಾಗಲೆಂದು ಒಂದು ಬೆಳಗ್ಗೆ ಪುಟ್ಟಿಯನ್ನು ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಹೊರಟೆ. ನೀರಿನ ಬಾಟಲಿ, ಬಟ್ಟೆ, ಸಂತೆಯಲ್ಲಿ ಕೊಂಡ ತೆಂಗಿನಕಾಯಿ, ಎಲ್ಲವೂ ಒಂದು ಚೀಲದಲ್ಲಿ. ಆ ಚೀಲ ಗಾಡಿಯ ಹಿಡಿಯಲ್ಲಿ. ನಿಲ್ದಾಣದ ಜಗಲಿಯನ್ನು ಹತ್ತಿಸಲು ಮುಂದಿನ ಗಾಲಿಗಳನ್ನು ಸ್ವಲ್ಪ ಎತ್ತಿದೆ, ಅಷ್ಟೆ. ಹಿಂದಿನ ಚೀಲವು ಸೆಳೆಯಿತು, ನನ್ನ ಮೊಣಕಾಲು ತಡೆಯಲಿಲ್ಲ, ಗಾಡಿ ಮಗುವಿನೊಡನೆ ಹಿಮ್ಮುಖವಾಗಿ ಉರುಳಿತು. ತೆಳುವಾದ ಬಟ್ಟೆಯ ಬೆನ್ನಿನ ಮೂಲಕ ಮಗುವಿನ ತಲೆಯ ಹಿಂಭಾಗ ಕಲ್ಲಿಗೆ ತಗುಲಿದ ಸದ್ದು ಈಗಲೂ ಕೆಲವು ರಾತ್ರಿ ನನಗೆ ಕೇಳಿಸುತ್ತದೆ.

ವೈದ್ಯರು ಪರೀಕ್ಷಿಸಿ, ವಾಂತಿಯಾದರೆ ಅಥವಾ ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ಕೂಡಲೇ ಕರೆತರುವಂತೆ ಹೇಳಿ ಕಳುಹಿಸಿದರು. ಆ ರಾತ್ರಿಯೆಲ್ಲ ಜೋಲಿಯ ಪಕ್ಕದಲ್ಲಿ ಕುಳಿತಿದ್ದೆ. ಮಗುವಿಗೆ ಏನೂ ಆಗಲಿಲ್ಲ. ಬೆಳಗ್ಗೆ ಎದ್ದು ಇಡ್ಲಿ ಕೇಳಿದಳು. ಮಗಳಿಗೆ ಹೇಳಬೇಡವೆಂದು ನಮ್ಮ ಮನೆಯವರು ಹೇಳಿದರು, ಮಲಗಿರುವ ಬಸುರಿಗೆ ಚಿಂತೆ ಏಕೆಂದು. ಅವರ ಮಾತೂ ಸರಿಯೇ. ಆದರೂ ಮಗುವನ್ನು ನನ್ನ ಕೈಗೆ ಒಪ್ಪಿಸಿದವಳಿಗೆ ಹೇಳದಿರುವುದು ನನ್ನಿಂದ ಆಗಲಿಲ್ಲ. ಹೇಳಿದೆ. ಅತ್ತ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಕೊನೆಗೆ, ‘ನಿನಗೆ ಪೆಟ್ಟಾಯಿತೇನಮ್ಮಾ?’ ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಸೂಲೂರಿನಲ್ಲಿಯೇ ಲೇತ್ ಕಾರ್ಖಾನೆ ಇಟ್ಟುಕೊಂಡಿರುವ ನನ್ನ ತಮ್ಮನು ಸುದ್ದಿ ಕೇಳಿ ಬಂದು, ಗಾಡಿಯನ್ನು ತಲೆಕೆಳಗಾಗಿಸಿ ಪಂಪಿನ ಭಾಗವನ್ನು ನೋಡುವಂತೆ ನೋಡಿದನು. ‘ಅಕ್ಕಾ, ಗಾಡಿಯದೇನೂ ತಪ್ಪಿಲ್ಲ. ಹಗುರವಾದದ್ದು ಕೈಗೂ ಹಗುರ, ನಿಲ್ಲುವುದರಲ್ಲೂ ಹಗುರ. ಹಿಂದಿನ ಗಾಲಿಯ ಅಚ್ಚಿಗಿಂತ ಹಿಂದೆ ನೀನು ಭಾರ ತೂಗುಹಾಕಿದರೆ ಅದು ತಕ್ಕಡಿಯ ತಟ್ಟೆಯಾಗುತ್ತದೆ. ರಾಜರಥಕ್ಕೆ ಇದೇ ಚೀಲವನ್ನು ಹಾಕಿದ್ದರೆ ಅದರ ಸ್ವಂತ ತೂಕವೇ ತಡೆಯುತ್ತಿತ್ತು’ ಎಂದನು. ಆತನು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸಿದಾಗ ನನಗೂ ಅರ್ಥವಾಯಿತು. ಅಲ್ಲಿಗೆ, ಎಷ್ಟು ಹಗುರ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಯಾರು ತಳ್ಳುತ್ತಾರೆ, ಯಾರು ಮಡಚುತ್ತಾರೆ, ಎಲ್ಲಿ ಎತ್ತಬೇಕಾಗುತ್ತದೆ ಎಂಬ ಪ್ರಶ್ನೆಗಳನ್ನು ಹಿಡಿದು ಮತ್ತೆ ಹುಡುಕತೊಡಗಿದೆವು.

ಈ ಕೊಡೆಗಾಡಿಯ ಜನನದ ಕಥೆಯನ್ನು ತಮ್ಮನೇ ಹೇಳಿದನು. ಅದನ್ನು ಇಲ್ಲಿ ಬರೆಯದಿದ್ದರೆ ಸೂಲೂರಿಗೆ ಅನ್ಯಾಯವಾದೀತು. ಓವೆನ್ ಮೆಕ್ಲಾರೆನ್ ಎಂಬ ಆಂಗ್ಲ ವಿಮಾನ ಎಂಜಿನಿಯರನು ಯುದ್ಧಕಾಲದ ಪ್ರಸಿದ್ಧ ಸ್ಪಿಟ್‌ಫೈರ್ ವಿಮಾನದ ಗಾಲಿಗಳ ಚೌಕಟ್ಟಿನ ಮೇಲೆ ಕೆಲಸ ಮಾಡಿದವನು. ನೆಲ ಬಿಟ್ಟೊಡನೆ ರೆಕ್ಕೆಯೊಳಗೆ ಮಡಚಿಕೊಂಡು, ಇಳಿಯುವಾಗ ಚಾಚಿ ಇಡೀ ವಿಮಾನದ ಭಾರವನ್ನು ಹೊರಬೇಕಾದ ಕಾಲುಗಳವು. ಮಾಸ್ಕೋದಿಂದ ಲಂಡನ್ನಿಗೆ ಬಂದ ಆತನ ಮಗಳು ಕೂಸಿನ ಭಾರವಾದ ಗಾಡಿಯೊಡನೆ ಪಟ್ಟ ಪಾಡನ್ನು ನೋಡಿ, ಆತನು ಅಲ್ಯೂಮಿನಿಯಂ ಕೊಳವೆಗಳಿಂದ ಕೊಡೆಯಂತೆ ಮಡಚುವ ಗಾಡಿಯನ್ನು ಯೋಚಿಸಿದನಂತೆ. ಆತನು 1965ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದನು. 1967ರಲ್ಲಿ ಗಾಡಿ ಮಾರಾಟಕ್ಕೆ ಬಂದಿತು. ತೂಕ ಕೇವಲ 6 ಪೌಂಡು, ಎಂದರೆ 2.7 ಕಿಲೋ. ದೂರದಿಂದ ಬಂದ ಮಗಳಿಗಾಗಿ ವಿಮಾನದ ಕಾಲನ್ನು ಮಗುವಿನ ಗಾಡಿಗೆ ಇಳಿಸಿದ ಅಜ್ಜನ ಕಥೆಯನ್ನು ನಾನು ಕೇಳುತ್ತಿದ್ದಾಗ ನಮ್ಮ ಮನೆಯ ಮೇಲೆ ವಾಯುಸೇನೆಯ ವಿಮಾನವೊಂದು ಗಾಲಿ ಚಾಚಿ ಇಳಿಯುತ್ತಿತ್ತು. ಪುಟ್ಟಿ ಎಂದಿನಂತೆ ಎರಡು ಕಿವಿಗಳನ್ನೂ ಮುಚ್ಚಿಕೊಂಡು ಮೇಲೆ ನೋಡಿದಳು.

ತಮ್ಮನು ಇನ್ನೊಂದನ್ನೂ ಎಚ್ಚರಿಸಿದನು. ಮಡಚುವ ಕೀಲು ಎಂದರೆ ಕತ್ತರಿ. ಆ ಮೆಕ್ಲಾರೆನ್ ಹೆಸರಿನ ಗಾಡಿಗಳನ್ನೇ 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷದಷ್ಟು ಸಂಖ್ಯೆಯಲ್ಲಿ ಹಿಂದಕ್ಕೆ ಕರೆದು, ಕೀಲನ್ನು ಮುಚ್ಚುವ ಹೊದಿಕೆಯನ್ನು ಒದಗಿಸಬೇಕಾಯಿತು. ಬಿಚ್ಚುವಾಗ ಕೀಲಿನ ಸಂದಿಗೆ ಸಿಕ್ಕಿ ಮಕ್ಕಳ ಬೆರಳ ತುದಿ ಕತ್ತರಿಸಿಹೋದ 12 ಪ್ರಸಂಗಗಳು ಅಲ್ಲಿ ವರದಿಯಾಗಿದ್ದವು. ಆದುದರಿಂದ ಗಾಡಿಯನ್ನು ಬಿಚ್ಚುವಾಗಲೂ ಮಡಚುವಾಗಲೂ ಮಗು ಕೈಗೆಟಕದಷ್ಟು ದೂರದಲ್ಲಿರಬೇಕು. ಇದು ಯಾವ ಬೆಲೆಯ ಗಾಡಿಗೂ ಸಲ್ಲುವ ಮಾತು.

ಅಂಗಡಿಗಳಲ್ಲಿ ನಾವು ನೋಡಿದ ಹಗುರ ಗಾಡಿಗಳು ಎರಡು ಬಗೆಯವು. ಒಂದು, ಮೆಕ್ಲಾರೆನ್ ವಂಶದ ಕೊಡೆಗಾಡಿ. ಮಡಚಿದರೆ ಉದ್ದನೆಯ ಕೋಲಿನಂತಾಗುತ್ತದೆ, ಬಸ್ಸಿನ ಮೂಲೆಗೆ ಒರಗಿಸಬಹುದು. ಆದರೆ ವಿಮಾನದ ತಲೆಮೇಲಿನ ಗೂಡಿಗೆ ಆ ಉದ್ದ ಹಿಡಿಸುವುದು ಕಷ್ಟ. ಇನ್ನೊಂದು, ಪೆಟ್ಟಿಗೆಯಂತೆ ಚೌಕವಾಗಿ ಮಡಚುವುದು. ಫ್ರೆಂಚರ ಯೋಯೋ ಎಂಬ ಗಾಡಿ ಈ ಬಗೆಯನ್ನು ಲೋಕಪ್ರಿಯಗೊಳಿಸಿತು. ಅದರ ತೂಕ 6 ಕಿಲೋವಿಗೆ ತುಸು ಹೆಚ್ಚು, ಮಡಚಿದಾಗ 52 ಸೆಂಟಿಮೀಟರ್ ಉದ್ದ, 44 ಅಗಲ, 18 ದಪ್ಪ. ಪಾಕಿಟ್ ಎಂಬ ಇನ್ನೊಂದು ಗಾಡಿ 2014ರಲ್ಲಿ, ಮಡಚಿದಾಗ ಲೋಕದಲ್ಲಿಯೇ ಅತಿ ಚಿಕ್ಕದೆಂದು ಗಿನ್ನೆಸ್ ದಾಖಲೆಗೆ ಸೇರಿತು: 30, 18, 35 ಸೆಂಟಿಮೀಟರ್, ತೂಕ 4.3 ಕಿಲೋ. ಇವುಗಳ ಅನುಕರಣೆಗಳು ನಮ್ಮ ಪೇಟೆಯಲ್ಲಿಯೂ ಬೇಕಾದಷ್ಟಿವೆ. ಬೆಲೆ ನಾಲ್ಕೈದು ಸಾವಿರದಿಂದ ನಲವತ್ತು ಸಾವಿರದವರೆಗೆ ಏರುತ್ತದೆ. ನಲವತ್ತು ಸಾವಿರಕ್ಕೆ ನಮ್ಮ ಕಡೆ ಹಳೆಯ ಮೊಪೆಡ್ಡು ಬರುತ್ತದೆಂದು ನಮ್ಮ ಮನೆಯವರು ಅಂಗಡಿಯವನಿಗೇ ಹೇಳಿದರು.

ಪರೀಕ್ಷೆಯನ್ನು ಅಂಗಡಿಯ ನುಣುಪು ನೆಲದ ಮೇಲೆ ಮಾಡಬಾರದು. ಅಲ್ಲಿ ಎಲ್ಲ ಗಾಡಿಯೂ ಓಡುತ್ತದೆ. ಹೊರಗೆ ರಸ್ತೆಯ ಅಂಚಿಗೆ ಒಯ್ಯಲು ಅನುಮತಿ ಕೇಳಿದೆವು. ಒಬ್ಬರು ಒಪ್ಪಲಿಲ್ಲ, ಇನ್ನೊಬ್ಬರು ಒಪ್ಪಿದರು. ಪುಟ್ಟಿಯನ್ನು ಕೂರಿಸಿ ಒಂದು ಕೈಯಲ್ಲಿ ತಳ್ಳಿದಾಗ ಗಾಡಿ ನೇರವಾಗಿ ಹೋಗುತ್ತದೆಯೆ ಪಕ್ಕಕ್ಕೆ ಎಳೆಯುತ್ತದೆಯೆ, ಬ್ರೇಕನ್ನು ಒಂದೇ ಕಾಲಿನಿಂದ ಹಾಕಿ ತೆಗೆಯಬಹುದೆ, ಹೆಗಲೆರಡು, ಸೊಂಟದೆರಡು ಮತ್ತು ಕಾಲ ನಡುವಿನ ಒಂದು, ಹೀಗೆ ಐದು ಕಡೆ ಬಿಗಿಯುವ ಪಟ್ಟಿ ಇದೆಯೆ, ಮಗು ನಿದ್ರಿಸಿದರೆ ಬೆನ್ನು ಒರಗುತ್ತದೆಯೆ, ಇವನ್ನೆಲ್ಲ ನೋಡಿದೆ. ತಮ್ಮನು ರಿವೆಟ್ಟುಗಳನ್ನೂ ಗಾಲಿಯ ಬೇರಿಂಗನ್ನೂ ನೋಡಿ, ಯುರೋಪಿನ ಇಎನ್ 1888 ಎಂಬ ಸುರಕ್ಷತಾ ಮಾನಕದ ಗುರುತನ್ನು ಹುಡುಕಿದನು. ಮಗುವಿನ ತೂಕದ ಮಿತಿಯನ್ನು ಸಹ ಗಾಡಿಯ ಮೇಲೆ ಬರೆದಿರುತ್ತಾರೆ; 15 ಕಿಲೋ ಎಂದಿದ್ದರೆ ಎರಡು ವರ್ಷದ ಮಗುವಿಗೆ ಅದು ಬಹುಕಾಲ ಬಾರದು, 22 ಎಂದಿದ್ದರೆ ನಾಲ್ಕು ವರ್ಷದವರೆಗೆ ಚಿಂತೆಯಿಲ್ಲ. ನನ್ನದೇ ಆದ ಒಂದು ಪರೀಕ್ಷೆಯನ್ನೂ ಸೇರಿಸಿದೆ. ಎಡಗೈಯಲ್ಲಿ ಮಗುವಿನ ಕೈ ಹಿಡಿದುಕೊಂಡೇ ಬಲಗೈಯೊಂದರಿಂದ, ಬಗ್ಗದೆ, ಮಡಚಲು ಬರಬೇಕು. ಈ ಪರೀಕ್ಷೆಯಲ್ಲಿ ಮೂರು ಗಾಡಿಗಳು ಸೋತವು.

ಕೊನೆಗೆ ನಾನು ಆರಿಸಿಕೊಂಡದ್ದು ಅತಿ ಹಗುರವಾದುದನ್ನಲ್ಲ. ಆರೂವರೆ ಕಿಲೋ ತೂಗುವ, ಪೆಟ್ಟಿಗೆಯಂತೆ ಮಡಚುವ, ಅಡ್ಡಹಿಡಿ ಒಂದೇ ಆಗಿರುವ ಗಾಡಿ. ನಾಲ್ಕು ಕಿಲೋವಿನದನ್ನು ಏಕೆ ಬಿಟ್ಟೆ ಎಂದು ಮಗಳು ಕೇಳಿದಾಗ ಗಾಲಿಯ ನೆಪ ಹೇಳಿದೆ. ನಿಜವಾದ ಕಾರಣವೆಂದರೆ, ತಳ್ಳುವಾಗ ನಾನು ಹಿಡಿಯ ಮೇಲೆ ಭಾರ ಹಾಕುತ್ತೇನೆಂಬುದು ಬಸ್ ನಿಲ್ದಾಣದ ಆ ದಿನ ನನಗೆ ತಿಳಿದಿತ್ತು. ಗಾಡಿಯನ್ನು ಊರುಗೋಲು ಮಾಡಿಕೊಳ್ಳಬಾರದು, ಅದು ಸರಿಯಲ್ಲ; ಆದರೆ ಮೈ ತನಗೆ ತಾನೇ ಒರಗುವುದಕ್ಕೆ ಏನು ಮಾಡುವುದು? ಆರೂವರೆ ಕಿಲೋವಿನದು ನನ್ನನ್ನು ಸ್ವಲ್ಪ ಕ್ಷಮಿಸುತ್ತಿತ್ತು. ಅಂದಿನಿಂದ ಚೀಲ ನನ್ನ ಬೆನ್ನಿಗೆ. ಗಾಡಿಯ ಕೆಳಗಿನ ಬುಟ್ಟಿಗೆ ನೀರಿನ ಬಾಟಲಿ ಮಾತ್ರ.

ಕಾಗದಪತ್ರಗಳ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡು ವರ್ಷ ತುಂಬದ ಮಗು ಮಡಿಲಲ್ಲಿ ಕುಳಿತು ಅಲ್ಪ ದರದಲ್ಲಿ ಪ್ರಯಾಣ ಮಾಡಬಹುದು; ತುಂಬಿದ ಮೇಲೆ ಪ್ರತ್ಯೇಕ ಆಸನ ಬೇಕು. ಪುಟ್ಟಿಗೆ ಎರಡು ತುಂಬಿ ಹದಿನೈದು ದಿನವಾಗಿತ್ತು! ಸಿಂಗಪುರಕ್ಕೆ ವೀಸಾ ಬೇಕು. ತಂದೆತಾಯಿ ಜೊತೆಗಿಲ್ಲದಾಗ ಅವರ ಒಪ್ಪಿಗೆಯ ಪತ್ರವನ್ನು ಇಟ್ಟುಕೊಂಡಿರುವುದು ಕ್ಷೇಮ. ಗಾಡಿಯನ್ನು ವಿಮಾನದೊಳಗೆ ಬಿಡುವರೋ ಸರಕಿನ ಹೊಟ್ಟೆಗೆ ಹಾಕುವರೋ ಎಂಬುದು ಒಂದೊಂದು ವಿಮಾನ ಸಂಸ್ಥೆಯಲ್ಲಿ ಒಂದೊಂದು ಬಗೆ. ‘ವಿಮಾನದೊಳಗೆ ಒಯ್ಯಬಹುದು’ ಎಂದು ಗಾಡಿಯ ಪೆಟ್ಟಿಗೆಯ ಮೇಲೆ ಅಚ್ಚುಮಾಡಿರುವುದು ಗಾಡಿ ಮಾರುವವನ ಮಾತು, ವಿಮಾನದವರ ಮಾತಲ್ಲ. ಟಿಕೆಟ್ಟು ಕೊಳ್ಳುವಾಗಲೇ ಕೇಳಿ ಬರೆಸಿಕೊಳ್ಳಬೇಕು.

ಪೀಳಮೇಡಿನ ವಿಮಾನ ನಿಲ್ದಾಣ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಅಲ್ಲಿಂದ ಸಿಂಗಪುರಕ್ಕೆ ನೇರ ವಿಮಾನವಿದೆ, ಸುಮಾರು ನಾಲ್ಕೂವರೆ ಗಂಟೆಯ ಪ್ರಯಾಣ. ಭದ್ರತಾ ತಪಾಸಣೆಯಲ್ಲಿ ಮಗುವನ್ನು ಇಳಿಸಿ, ಗಾಡಿಯನ್ನು ಮಡಚಿ ಯಂತ್ರದ ಪಟ್ಟಿಯ ಮೇಲೆ ಇಡಬೇಕು. ಹಿಂದೆ ಉದ್ದನೆಯ ಸಾಲು. ಅಂಗಡಿಯ ಮುಂದೆ ಇಪ್ಪತ್ತು ಬಾರಿ ಮಾಡಿದ ಅಭ್ಯಾಸ ಅಲ್ಲಿ ಫಲ ಕೊಟ್ಟಿತು; ಒಂದೇ ಕೈಯಲ್ಲಿ ಮಡಚಿದೆ. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ‘ಸೂಪರ್ ಪಾಟ್ಟಿ!’ ಎಂದಳು. ಆದರೆ ವಿಮಾನದ ಬಾಗಿಲಿನಲ್ಲಿ, ಮೇಲಿನ ಗೂಡುಗಳೆಲ್ಲ ತುಂಬಿವೆಯೆಂದು ಗಾಡಿಗೆ ಚೀಟಿ ಕಟ್ಟಿ ತೆಗೆದುಕೊಂಡರು. ಎಲ್ಲಿ ಹಿಂದಿರುಗಿಸುತ್ತೀರಿ ಎಂದು ಕೇಳುವುದನ್ನು ನಾನು ಮರೆತೆ. ಇಳಿದ ಮೇಲೆ ಬಾಗಿಲಿನಲ್ಲಿ ಗಾಡಿಯಿಲ್ಲ. ಸಾಮಾನಿನ ಪಟ್ಟಿಯ ಮೇಲೆ ಬರುತ್ತದೆಂದರು. ಮುಂದೆ ಕಣ್ಣು ಮುಟ್ಟುವವರೆಗೂ ಚಾಂಗಿಯ ಮೊಗಸಾಲೆ. ನಿದ್ದೆಗಣ್ಣಿನ ಮಗು ನಡೆಯಲೊಲ್ಲದು. ಬೆನ್ನಿನ ಚೀಲದಲ್ಲಿ ಜೋಲಿಯ ಹಳೆಯ ಸೀರೆಯಿತ್ತು; ಕಟ್ಟಿಕೊಂಡು ಹೊರಲು ಮೊಣಕಾಲಿಲ್ಲ. ಅಲ್ಲಿ ಕೆಲಸಕ್ಕಿದ್ದು ರಜೆ ಮುಗಿಸಿ ಹಿಂದಿರುಗುತ್ತಿದ್ದ ತಿರುಪ್ಪೂರಿನ ತರುಣನೊಬ್ಬನು, ‘ಕೊಡಿ ಅಮ್ಮಾ’ ಎಂದು ತಮಿಳಿನಲ್ಲಿ ಹೇಳಿ ಪುಟ್ಟಿಯನ್ನು ಹೆಗಲಿಗೇರಿಸಿಕೊಂಡನು. ಚಲಿಸುವ ನೆಲವನ್ನು ಕಂಡೊಡನೆ ಪುಟ್ಟಿ ನಿದ್ದೆ ಮರೆತು ಇಳಿದು ಅದರ ಮೇಲೆ ಮೂರು ಬಾರಿ ಹೋಗಿಬರಬೇಕೆಂದು ಹಟ ಹಿಡಿದಳು. ಆ ತರುಣನ ಹೆಸರನ್ನು ಕೇಳಲೂ ನನಗೆ ತೋಚಲಿಲ್ಲ.

ಸಿಂಗಪುರವು ತಳ್ಳುಗಾಡಿಯ ಊರು. ಎಂಆರ್‌ಟಿ ಎಂಬ ನಗರ ರೈಲಿನ ನಿಲ್ದಾಣಗಳಲ್ಲಿ ಲಿಫ್ಟು ಇದೆ. 2017ರ ಏಪ್ರಿಲ್‌ನಿಂದ ಅಲ್ಲಿಯ ಬಸ್ಸುಗಳಲ್ಲಿ ಗಾಡಿಯನ್ನು ಮಡಚದೆಯೇ ಮಗುವಿನೊಡನೆ ಏರಿಸಲು ಅವಕಾಶ ಕೊಟ್ಟಿದ್ದಾರೆ. ಕಾಲುದಾರಿಯ ಅಂಚುಗಳನ್ನು ಗಾಡಿ ಇಳಿಯುವಂತೆ ಇಳಿಜಾರು ಮಾಡಿದ್ದಾರೆ. ನಮ್ಮ ಸೂಲೂರಿನ ಬಸ್ ನಿಲ್ದಾಣದ ಜಗಲಿ ನೆನಪಾಗಿ ಹೊಟ್ಟೆ ಉರಿಯಿತೆಂದು ಹೇಳಲು ನಾಚಿಕೆಯಿಲ್ಲ. ಆದರೆ ಸೆರಂಗೂನ್ ರಸ್ತೆಯ ಹಳೆಯ ಅಂಗಡಿಗಳ ಮುಂದಿನ ಐದಡಿಯ ಪಡಸಾಲೆಗಳಿಗೆ ಹೋದರೆ ನಮ್ಮೂರೇ ಬಂದಂತಾಗುತ್ತದೆ: ಒಂದು ಅಂಗಡಿಯ ನೆಲ ಮೇಲೆ, ಮುಂದಿನದು ಕೆಳಗೆ, ನಡುವೆ ಮಲ್ಲಿಗೆಯ ಬುಟ್ಟಿ. ಅಲ್ಲಿ ಚಿಕ್ಕ ಗಾಲಿಯ ಗಾಡಿಗಳೆಲ್ಲ ಎಡವುತ್ತವೆ.

ಮೊದಲ ದಿನದ ಮಾತನ್ನು ಹೇಳದೆ ಬಿಡಲಾರೆ. ಹೆರಿಗೆಗೆ ಮೂರು ವಾರವಿತ್ತು. ಮಗಳು ಲಿಫ್ಟಿನ ಬಾಗಿಲಿನಲ್ಲಿ ಗೋಡೆ ಹಿಡಿದು ನಿಂತಿದ್ದಳು. ಗಾಡಿಯಲ್ಲಿದ್ದ ಪುಟ್ಟಿ ಅವಳನ್ನು ನೋಡಿ ನೆರಳುಬಟ್ಟೆಯನ್ನು ಮುಖದವರೆಗೆ ಎಳೆದುಕೊಂಡಳು. ‘ಬಾ ಕಂದಾ’ ಎಂದರೆ ‘ಬೇಡ’ ಎಂಬ ಅದೇ ಮಾತು, ‘ಅಜ್ಜೀ’ ಎಂಬ ಕೂಗು. ಬಾಗಿ ಎತ್ತಿಕೊಳ್ಳಲು ಮಗಳಿಗೆ ಅಪ್ಪಣೆಯಿಲ್ಲ. ಎತ್ತಿ ಅವಳ ತೋಳಿಗೆ ಕೊಡಲು ನನಗೆ ಶಕ್ತಿಯಿಲ್ಲ. ಅಳಿಯಂದಿರು ಮುಂದೆ ಬಂದಾಗ ಮಗಳು ಬೇಡವೆಂದು ಸನ್ನೆ ಮಾಡಿ, ಸದ್ದಿಲ್ಲದೆ ಹಿಂದೆ ಬಂದು ನನ್ನ ಕೈಯಿಂದ ಹಿಡಿಯನ್ನು ತೆಗೆದುಕೊಂಡಳು. ಮನೆಯ ಮುಂದಿನ ಉದ್ದನೆಯ ಮೊಗಸಾಲೆಯಲ್ಲಿ ಮೆಲ್ಲಗೆ ತಳ್ಳತೊಡಗಿದಳು. ನಾನು ಗಾಡಿಯ ಪಕ್ಕದಲ್ಲಿ ನಡೆದೆ. ಒಂದು ಬಾರಿ ಹೋಗಿ ಬಂದರು, ಎರಡು ಬಾರಿ. ಮೂರನೆಯ ಬಾರಿ ತಿರುಗುವಲ್ಲಿ ಮಗಳಿಗೆ ಆಯಾಸವಾಗಿ ನಿಂತಳು. ಪುಟ್ಟಿ ನೆರಳುಬಟ್ಟೆಯನ್ನು ಸರಿಸಿ, ಕತ್ತು ತಿರುಗಿಸಿ, ಹಿಂದೆ ಇರುವವರು ಯಾರೆಂದು ಬಹಳ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ, ‘ಇನ್ನೂ ತಳ್ಳು’ ಎಂದಳು.

ನಾಲ್ಕು ತಿಂಗಳ ಬಾಣಂತನ ಮುಗಿಸಿ ಗಾಡಿಯನ್ನು ಅಲ್ಲಿಯೇ ಬಿಟ್ಟು ಬಂದೆ. ಈಗ ಅದರಲ್ಲಿ ತಮ್ಮನಿಗೂ ಅಕ್ಕನಿಗೂ ಜಗಳವಂತೆ. ಹೊರಡುವ ದಿನ ಅಳಿಯಂದಿರು ನನಗೆ ತಿಳಿಸದೆಯೇ ಗಾಲಿಕುರ್ಚಿಯ ವ್ಯವಸ್ಥೆ ಮಾಡಿಸಿದ್ದರು. ಬೇಡವೆಂದರೂ ಬಿಡದೆ ನನ್ನನ್ನು ಕೂರಿಸಿದರು. ಕುರ್ಚಿಯನ್ನು ತಳ್ಳಲು ಬಂದ ತಮಿಳು ಹುಡುಗನು ನನ್ನ ಚೀಲವನ್ನು ತೆಗೆದುಕೊಂಡು ಹಿಡಿಗೆ ಸಿಕ್ಕಿಸಲು ಹೋದನು. ‘ಅಲ್ಲಿ ಬೇಡಪ್ಪಾ, ಮಡಿಲಿಗೆ ಕೊಡು’ ಎಂದು ಈಸಿಕೊಂಡೆ.